ಬಿಟ್ಟಿ ಫ್ರಿಜ್ಜು, ಬಿಸಿಲಿಗೆ ಬಿದ್ದ ಸೋಡಾ

ತಾಯಂದಿರೇ, ಅಣ್ಣಂದಿರೇ, ಒಂದು ಊರಿನ ಬಸ್ ನಿಲ್ದಾಣದ ಎದುರು ಒಬ್ಬ ಅಂಗಡಿಕಾರನಿದ್ದ. ಅನುಕೂಲಸ್ಥ. ಆದರೂ ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಅವನ ಜೀವ ಕುಣಿಯುತ್ತಿತ್ತು. ನಗಬೇಡಿ, ಪುಕ್ಕಟೆ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೊಂದು ಇರಲಿ ಅನ್ನುವವರು ಇಲ್ಲಿಯೂ ಕೂತಿದ್ದೀರಿ.

ಅದೇ ಊರಲ್ಲಿ ಒಬ್ಬ ಹೆಣ್ಣುಮಗಳು ಹಿತ್ತಲಲ್ಲೇ ಗೋಲಿ ಸೋಡಾ ತಯಾರಿಸುತ್ತಿದ್ದಳು. ಜನ ಅವಳನ್ನು ಸೋಡಾ ಅಕ್ಕ ಅನ್ನುತ್ತಿದ್ದರು. ಬಾಟಲಿ ತೊಳೆಯುವವಳೂ ಅವಳೇ, ತುಂಬುವವಳೂ ಅವಳೇ, ಸೈಕಲ್ ಮೇಲೆ ಹೇರಿಕೊಂಡು ಈ ಅಂಗಡಿಗೆ ತಂದು ಕೊಡುವವಳೂ ಅವಳೇ. ಗಂಡ ತೀರಿದ ಮೇಲೆ ಆ ಮನೆ ನಿಂತದ್ದು ಆ ಸೋಡಾದ ಮೇಲೆ.

ಒಂದು ಬೇಸಿಗೆಯಲ್ಲಿ ದೊಡ್ಡ ಕಂಪನಿಯವರು ಬಂದು ಅಂಗಡಿಕಾರನಿಗೆ ಗಾಜಿನ ಬಾಗಿಲಿನ ಫ್ರಿಜ್ಜು ಕೊಟ್ಟರು. ಪುಕ್ಕಟೆ. ಷರತ್ತು ಒಂದೇ: ಅವರ ಬಾಟಲಿ ಬಿಟ್ಟು ಬೇರೇನೂ ಅದರಲ್ಲಿ ಇಡಕೂಡದು. ಫ್ರಿಜ್ಜಿಗೆ ಜಾಗ ಬಿಟ್ಟು, ಅಂಗಡಿಯೊಳಗೆ ನೆರಳಲ್ಲಿದ್ದ ಸೋಡಾ ಹೊರಗೆ, ಬಿಸಿಲಿಗೆ ಬಂತು. ಬಿಸಿ ಸೋಡಾ ಯಾರು ಕುಡಿಯುತ್ತಾರೆ? ನೀವು ಕುಡಿಯುತ್ತೀರಾ?

"ಜಾಗ ಇಲ್ಲಬೇ ಅಕ್ಕ, ನಾ ಏನ್ ಮಾಡ್ಲಿ?" ಅಂದ ಅಂಗಡಿಕಾರ.

"ಜಾಗ ಐತೋ ಅಣ್ಣ, ನಿನ್ ಕೈಯಾಗ ಇಲ್ಲ," ಅಂದಳು ಸೋಡಾ ಅಕ್ಕ. ಅವಳ ವ್ಯಾಪಾರ ನಿಂತಿತು. ಸೋಡಾ ತುಂಬುವ ಮಷಿನ್ ಮಾರಿಬಿಡುವುದೆಂದು ಅವಳು ನಿಶ್ಚಯಿಸಿದಳು.

ಮುಂದೇನಾಯಿತು ನೋಡಿ. ಅಂಗಡಿಕಾರನ ಹೆಂಡತಿ ಗಂಡನ ಊಟಕ್ಕೆಂದು ಒಂದು ಚೆಂಬು ಮಜ್ಜಿಗೆ ತಂದು ಫ್ರಿಜ್ಜಿನಲ್ಲಿಟ್ಟಳು. ತಪಾಸಣೆಗೆ ಬಂದ ಕಂಪನಿಯವನು ಅದನ್ನು ತೆಗೆದು ನೆಲದ ಮೇಲಿಟ್ಟ. "ಇದನ್ನ ಇಡಂಗಿಲ್ರಿ. ಇನ್ನೊಮ್ಮೆ ಕಂಡ್ರ ಫ್ರಿಜ್ ಒಯ್ತೀವಿ."

ಹೆಂಡತಿ ಗಂಡನ ಮುಖ ನೋಡಿದಳು. "ಅಂಗಡಿ ಯಾರದ್ರಿ? ಕರೆಂಟ್ ಬಿಲ್ ಕಟ್ಟೋರು ಯಾರು?"

ಆ ಗಂಡಸಿನ ತಲೆ ತಗ್ಗಿತು. ಪುಕ್ಕಟೆ ಬಂದದ್ದು ಅವನ ಯಜಮಾನಿಕೆಯನ್ನೇ ತಿಂದಿತ್ತು.

"ಒಯ್ರಿ," ಅಂದ. "ಇವತ್ತ ಒಯ್ರಿ."

ಅಲ್ಲಿಂದ ನೇರ ಸೋಡಾ ಅಕ್ಕನ ಮನೆಗೆ ಓಡಿದ. ಮಷಿನ್ ಆಗಲೇ ಟೆಂಪೋ ಏರಿತ್ತು, ಹಗ್ಗ ಬಿಗಿಯುತ್ತಿದ್ದರು. "ಇಳಸ್ರಿ ಅದನ್ನ. ಅಕ್ಕ, ನಂದು ತಪ್ಪಾತು. ನಿನ್ನ ಸೋಡಾ ನನ್ನ ಅಂಗಡ್ಯಾಗ ಇರ್ಬೇಕು."

"ಫ್ರಿಜ್ಜಿಲ್ದ ಹೆಂಗೋ?"

"ನಮ್ಮಪ್ಪ ಹೆಂಗ ಇಡ್ತಿದ್ದ, ಹಂಗ."

ಬೇವಿನ ನೆರಳಲ್ಲಿ ತೊಟ್ಟಿ, ತೊಟ್ಟಿಯಲ್ಲಿ ಹಸಿ ಉಸುಕು, ಉಸುಕಿನಲ್ಲಿ ಕತ್ತಿನತನಕ ಹೂತ ಬಾಟಲಿ, ಮೇಲೊಂದು ಒದ್ದೆ ಗೋಣಿಚೀಲ. ಬಸ್ಸಿಳಿದವರು ಕುಡಿದರು. ಕಂಡಕ್ಟರ್ ಕುಡಿದ, ಲಿಂಬು-ಉಪ್ಪು ಹಾಕಿಸಿಕೊಂಡು ಮತ್ತೆ ಕುಡಿದ. ಬೇಸಿಗೆ ಮುಗಿಯುವಷ್ಟರಲ್ಲಿ ಸಾಲಂಗಡಿಗಳ ಮುಂದೆಲ್ಲ ಉಸುಕಿನ ತೊಟ್ಟಿಗಳು ಬಂದವು. ಸೋಡಾ ಅಕ್ಕ ಇನ್ನೊಂದು ಮಷಿನ್ ತಂದಳು. ಅದಕ್ಕೆ ಕುಂಕುಮ ಹಚ್ಚಿದವಳು ಅಂಗಡಿಕಾರನ ಹೆಂಡತಿ. ಗೆದ್ದಳು ಸೋಡಾ ಅಕ್ಕ, ಗೆದ್ದೇ ಗೆದ್ದಳು.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಎದೆಯೊಳಗೆ ಅಂಥದೊಂದು ಫ್ರಿಜ್ಜು ಇಲ್ಲವೇ? ಯಾರೋ ಸುಮ್ಮನೆ ಕೊಟ್ಟ ಹೊಗಳಿಕೆ, ಫೋನಿನಲ್ಲಿ ಬಂದ ಕಂಡವರ ಸುದ್ದಿ, ಎಲ್ಲ ಒಳಗೆ ತಣ್ಣಗಿದೆ. ಮನೆಯವರು ಒಂದು ಮಾತಾಡಲು ಬಂದರೆ 'ಆಮೇಲೆ'. ದೇವರ ನಾಮಕ್ಕೂ 'ಆಮೇಲೆ'. ಆಯುಷ್ಯ ಸವೆಯುವುದು ನಿಮ್ಮದು, ಜಾಗ ಮಾತ್ರ ಕಂಡವರದು. ಇದು ಯಾವ ನ್ಯಾಯ?

ನಾಳೆ ಬಾಯಾರಿದಾಗ ನಿಮ್ಮ ಓಣಿಯಲ್ಲಿ ತಯಾರಾದದ್ದನ್ನು ಕೇಳಿ ಕುಡಿಯಿರಿ. ಇವತ್ತೇ ಮನೆಗೆ ಹೋಗಿ ಉಣ್ಣಲು ಕೂಡುವಾಗ ಫೋನು ದೂರ ಇಡಿ. ಎದುರು ಕೂತವರಿಗೆ "ಹೇಳು" ಅನ್ನಿ. ಅವರು ಹೇಳಿ ಮುಗಿಸುವತನಕ ಏಳಬೇಡಿ.