ಗೈಡಿಗೆ ಹೇಳಿದ್ದು

ಬಸ್ಸಿಗೆ ಕಾಯುತ್ತಿದ್ದ ದರ್ಜಿ ಹೆಂಗಸಿನ ಕಿವಿಗೆ ಪಕ್ಕದಲ್ಲಿದ್ದ ಪ್ರೊಫೆಸರ್ ಮತ್ತು ಅವರ ಸಂಶೋಧನಾ ವಿದ್ಯಾರ್ಥಿನಿಯ ಮಾತು ಬಿತ್ತು.

“ಸರ್, ನಾನು ಪರೀಕ್ಷೆ ಮಾಡ್ತಿರೋ ಆ ಮಂಡಿನೋವಿನ ಮಾತ್ರೆ ಕೆಲಸಕ್ಕೆ ಬರ್ತಿಲ್ಲ.”

“ಮೆಲ್ಲಗೆ ಹೇಳಮ್ಮಾ. ಅದನ್ನ ಮಾಡೋ ಕಂಪನಿಗೆ ನಾನೇ ಸಲಹೆಗಾರ.”

“ನನ್ನ ಥೀಸಿಸ್‌ಗೆ ಗೈಡೂ ನೀವೇ. ಈಗ ನಾನು ಹೇಳಿದ್ದು ಯಾರಿಗೆ?”

“ಗೈಡಿಗೆ.”

“ಸಲಹೆಗಾರರಿಗೆ ಗೊತ್ತಾಗಲ್ವಾ?”

“ಇರೋದು ಒಂದೇ ತಲೆ, ಏನ್ಮಾಡ್ಲಿ?”

ಈ ಪ್ರೊಫೆಸರ್ ಒಬ್ಬರೋ ಇಬ್ಬರೋ ಎಂದು ದರ್ಜಿ ಹೆಂಗಸಿಗೆ ಗೊಂದಲವಾಯಿತು.

“ಮಾತ್ರೆ ನುಂಗ್ತಿರೋ ಅಜ್ಜಿಯರು ಯಾವಾಗ ವಾಸಿಯಾಗುತ್ತೆ ಅಂತ ದಿನಾ ಕೇಳ್ತಾರೆ ಸರ್. ಥೀಸಿಸ್‌ನಲ್ಲಿ ಬರೀಲಾ, ಬಿಡ್ಲಾ?”

ಪ್ರೊಫೆಸರ್ ತಲೆ ಕೆರೆದುಕೊಂಡರು.

“ಬರಿ. ಕಂಪನಿ ಕೆಲಸ ನಾನು ಈಗಲೇ ಬಿಡ್ತೀನಿ.”

ಅಷ್ಟರಲ್ಲಿ ಬಸ್ಸು ಬಂತು. ಕಂಪನಿಗೆ ಫೋನ್ ಮಾಡಿದ ಪ್ರೊಫೆಸರ್ ಫೋನಿಗೆ ಕೈ ಅಡ್ಡ ಹಿಡಿದು, “ಯಾರು ಮಾತಾಡ್ತಿರೋದು ಅಂತ ಕೇಳ್ತಿದ್ದಾರೆ, ಏನನ್ಲಿ?” ಎಂದು ವಿದ್ಯಾರ್ಥಿನಿಯನ್ನೇ ಕೇಳುತ್ತ ಹತ್ತಿಬಿಟ್ಟರು.