ಒಂದು ಉದ್ದ, ಎರಡು ಗಿಡ್ಡ

ಆ ದೀಪ ಒಂದು ಇರ್ಲಿ, ಆರಿಸಬೇಡಿ. ಹತ್ರ ಬನ್ನಿ... ಇದು ಜೋರಾಗಿ ಹೇಳೋ ಮಾತಲ್ಲ.

ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು. ಕಂಪ್ಯೂಟರ್ ರಿಪೇರಿ ಮಾಡ್ತಾನಲ್ಲ, ಅವನೇ. ಬೀದಿಯವರೆಲ್ಲ ಅವನನ್ನ ಡಾಕ್ಟ್ರು ಅಂತಾರೆ. ಮುಚ್ಚಳ ಬಿಚ್ಚೋ ಮುಂಚೆ ಕಿವಿ ಇಟ್ಟು ಕೇಳ್ತಾನೆ. ಇಂಥದ್ದು ಕೆಟ್ಟಿದೆ ಅಂತಾನೆ. ಅದೇ ಕೆಟ್ಟಿರುತ್ತೆ. ದೆವ್ವ ಅಂದ್ರೆ ಹೊಟ್ಟೆ ಹಿಡ್ಕೊಂಡು ನಗೋನು. ಈಗ ನಗಲ್ಲ.

ಅವತ್ತು ಅಂಗಡಿ ಮುಚ್ಚಿ ನಡ್ಕೊಂಡು ಬರ್ತಿದ್ದ. ಹತ್ತೂವರೆ ಆಗಿರ್ಬೇಕು. ನಮ್ಮ ತಿರುವಿನಲ್ಲಿ ಹಳೇ ಬಾವಿ ಇದೆಯಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿರೋದು... ಅದರ ಪಕ್ಕ ಯಾರೋ ನಿಂತಿದ್ರು.

"ತಮ್ಮಾ... ನಾನು ಕಣೋ."

ಟೈಪಿಂಗ್ ಅಕ್ಕ. ಮೂರು ಮನೆ ಆಚೆ ಇರೋರು. ಕೋರ್ಟಲ್ಲಿ ಜನ ಹೇಳಿದ ಸಾಕ್ಷಿಯ ರೆಕಾರ್ಡಿಂಗ್ ಅವರಿಗೆ ಬರುತ್ತೆ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಟೈಪ್ ಮಾಡಿ ಕೊಡೋದು ಕೆಲಸ. ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ಮನೇಲಿ ಒಬ್ಬರೇ.

"ಕಂಪ್ಯೂಟರ್ ಶುರುನೇ ಆಗ್ತಿಲ್ಲ. ಮುನ್ನೂರು ಪುಟ ಅದರೊಳಗೆ ಸಿಕ್ಕೊಂಡಿದೆ. ಬೆಳಿಗ್ಗೆ ಹತ್ತಕ್ಕೆ ಕೊಡದೇ ಇದ್ರೆ ಇನ್ನು ನನಗೆ ಕೆಲಸ ಇಲ್ಲ."

"ಸದ್ದು ಏನಾದ್ರೂ ಮಾಡುತ್ತಾ ಅಕ್ಕ?"

ಅಕ್ಕ ಆಗ್ಲೇ ಮನೆ ಕಡೆ ತಿರುಗಿದ್ರು. "ಬಂದು ನೀನೇ ಕೇಳು" ಅಂದ್ರು.

ಒಂದೇ ಕೋಣೆ. ಗೋಡೆಗೆ ಮೇಜು, ಮೇಜಿಗೆ ಕೂತೋರ ಬೆನ್ನ ಹಿಂದೆ ತಾಯಿ ಮಲಗ್ತಿದ್ದ ಮಂಚ. ಹಾಸಿಗೆ ಸುತ್ತಿಟ್ಟಿದ್ರು. ಅಣ್ಣ ಸ್ವಿಚ್ ಒತ್ತಿದ. ಫ್ಯಾನು ಗುಂಯ್ ಅಂತ ತಿರುಗ್ತು. ಪರದೆ ಮಾತ್ರ ಕಪ್ಪು. ಆಮೇಲೆ...

ಬೀ......ಪ್. ಬೀಪ್. ಬೀಪ್.

"ಇಷ್ಟೇನಾ!" ಅಂದ ಅಣ್ಣ. "ಒಂದು ಉದ್ದ, ಎರಡು ಗಿಡ್ಡ. ಡಿಸ್‌ಪ್ಲೇ ಕಾರ್ಡ್ ಸರಿಯಾಗಿ ಕೂತಿಲ್ಲ ಅಂತ ಅದೇ ಹೇಳ್ತಿದೆ. ಬಾಯಿಲ್ಲದ್ದು ನೋಡಿ, ಅದರ ಭಾಷೆ ಇದು."

ಅಕ್ಕ ಬಾಗಿಲಿಗೆ ಒರಗಿ ನಿಂತಿದ್ರು. ನಗ್ಲಿಲ್ಲ.

ಕಾರ್ಡ್ ತೆಗೆದ. ಅದರ ಅಂಚಿನ ಲೋಹದ ಪಟ್ಟಿಗಳನ್ನ ರಬ್ಬರಲ್ಲಿ ಉಜ್ಜಿದ, ಟಕ್ ಅಂತ ಕೂರಿಸಿದ. ಬೀ......ಪ್. ಬೀಪ್. ಬೀಪ್. ಚೀಲದಿಂದ ಬೇರೆ ಕಾರ್ಡ್ ಹಾಕಿದ. ಅದೇ. ರ‍್ಯಾಮ್ ಕಿತ್ತ. ಅದನ್ನ ಕಿತ್ತರೆ ಸದ್ದು ಬೇರೆ ಆಗ್ಲೇಬೇಕು... ಆಗ್ಲಿಲ್ಲ. ಅದೇ ಉದ್ದ, ಅದೇ ಗಿಡ್ಡ.

ಒಳಗೆ ಬಟಾಣಿಯಷ್ಟು ಸ್ಪೀಕರ್ ಇರುತ್ತೆ, ಬೀಪ್ ಬರೋದು ಅದರಿಂದ. ಅದರ ತಂತಿ ಎಳೆದ. ಸದ್ದು ಬಂತು.

ಪ್ಲಗ್ ಕಿತ್ತ. ಫ್ಯಾನು ಗುಂಯ್... ಗುಂ... ಅಂತ ನಿಂತ್ಹೋಯ್ತು. ಕೋಣೆಯೆಲ್ಲ ನಿಶ್ಶಬ್ದ. ಅಣ್ಣ ಉಸಿರು ಬಿಟ್ಟ.

ಬೀ......ಪ್. ಬೀಪ್. ಬೀಪ್.

ಕೈಗಡಿಯಾರದ ಸೆಲ್‌ನಂಥದ್ದೊಂದು ಬೋರ್ಡಲ್ಲಿ ಇರುತ್ತೆ, ಅದನ್ನೂ ಕಿತ್ತ. ಡಿಸ್ಕ್ ತೆಗೆದ. ಆಮೇಲೆ ಬೋರ್ಡನ್ನೇ ಬಿಚ್ಚಿ ಪೇಪರ್ ಮೇಲೆ ಹರಡಿದ. ಕ್ಯಾಬಿನೆಟ್‌ನಲ್ಲಿ ಏನೂ ಉಳೀಲಿಲ್ಲ. ಬರೀ ತಗಡಿನ ಡಬ್ಬ.

ಸದ್ದು ಆ ಡಬ್ಬದಿಂದ ಬರ್ತಿತ್ತು.

"ನೀರು" ಅಂದ್ರು ಅಕ್ಕ, ಪಿಸುಗುಟ್ಟಿ.

"ಏನಕ್ಕ?"

"ಒಂದು ಉದ್ದ, ಎರಡು ಗಿಡ್ಡ... ಅಂದ್ರೆ ನೀರು."

ಆಗ ಹೇಳಿದ್ರು. ಲಕ್ವ ಹೊಡೆದ ಮೇಲೆ ಅಮ್ಮನ ಮಾತು ನಿಂತ್ಹೋಗಿತ್ತು. ಒಂದು ಬೆರಳು ಮಾತ್ರ ಆಡ್ತಿತ್ತು. ಅದಕ್ಕೇ ಮಂಚಕ್ಕೆ ಬ್ಯಾಟರಿ ಬೆಲ್ ಕಟ್ಟಿದ್ರು. ಮೂರೇ ಮೂರು ಗುರುತು. ಒಂದೇ ಉದ್ದ, ನೋವು. ಎರಡು ಗಿಡ್ಡ, ದೀಪ ಆರಿಸು. ಇದು, ನೀರು.

"ಆ ರಾತ್ರಿ ನನ್ನ ಕಿವೀಲಿ ಹೆಡ್‌ಫೋನ್ ಇತ್ತು ತಮ್ಮಾ. ಅಮ್ಮನಿಗೆ ಬೆನ್ನು ಹಾಕಿ ಇಲ್ಲೇ ಕೂತಿದ್ದೆ. ಒಂದೇ ಮಾರು ದೂರ. ಬೆಳಿಗ್ಗೆ ಎದ್ದು ತಿರುಗಿದ್ರೆ... ಬೆರಳು ಬೆಲ್ ಮೇಲೇ ಇತ್ತು. ಬ್ಯಾಟರಿ ಪೂರ್ತಿ ಖಾಲಿ ಆಗಿತ್ತು."

ಅಕ್ಕ ಮೂಲೆಯ ಬಿಂದಿಗೆಯಿಂದ ಲೋಟದಲ್ಲಿ ನೀರು ತಂದ್ರು. ಎಲ್ಲಿಡೋದು? ಮಂಚ ನೋಡಿದ್ರು, ಮೇಜು ನೋಡಿದ್ರು. ಕೊನೆಗೆ ಆ ಖಾಲಿ ಡಬ್ಬದ ಮುಂದೆ ಇಟ್ರು.

ಸದ್ದು ನಿಂತ್ಹೋಯ್ತು.

ಒಂದು ನಿಮಿಷ... ಎರಡು ನಿಮಿಷ... ಅಕ್ಕ ಸೆರಗಿನಿಂದ ಬಾಯಿ ಮುಚ್ಕೊಂಡು ನಿಂತಿದ್ರು. ಸದ್ಯ ಮುಗೀತು ಅಂತ ಅಣ್ಣ ಸ್ಕ್ರೂಡ್ರೈವರ್ ಎತ್ಕೊಂಡ.

ಬೀಪ್. ಬೀ......ಪ್. ಬೀ......ಪ್. ಬೀಪ್.

"ಇದೇನಕ್ಕ? ಇದಕ್ಕೇನರ್ಥ?"

ಅಕ್ಕನ ಮುಖ ಬಿಳಿಚಿಕೊಂಡಿತ್ತು. "ಇದು ಇರ್ಲಿಲ್ಲ... ಇದನ್ನ ನಾವು ಮಾತಾಡ್ಕೊಂಡೇ ಇರ್ಲಿಲ್ಲ."

ಮತ್ತೆ ಅದೇ. ಗಿಡ್ಡ, ಉದ್ದ, ಉದ್ದ, ಗಿಡ್ಡ.

"ಏನಮ್ಮಾ ಬೇಕು? ದೀಪ ಆರಿಸ್ಲಾ?" ಆರಿಸಿದ್ರು. ಕತ್ತಲಲ್ಲೂ ಅದೇ. ಮತ್ತೆ ಹಾಕಿದ್ರು. "ಚಳಿನಾ?" ಕಂಬಳಿ ತಂದ್ರು. "ಕಿಟಕಿ ತೆಗೀಲಾ? ನೋವಾ? ನನ್ನ ಮೇಲೆ ಕೋಪನಾ ಅಮ್ಮಾ?" ಒಂದೊಂದೇ ಕೇಳ್ತಾ ಹೋದ್ರು. ನೆಲದ ಮೇಲೆ ಕೂತು, ಡಬ್ಬದ ಬಾಯಿಗೆ ಮುಖ ಇಟ್ಟು... ಯಾವುದಕ್ಕೂ ನಿಲ್ಲಲಿಲ್ಲ. ಅಣ್ಣನ ಕಡೆ ತಿರುಗಿ ಕೇಳಿದ್ರಂತೆ, "ನಿನಗೆ ಸದ್ದು ಕೇಳಿದ್ರೆ ಗೊತ್ತಾಗುತ್ತಲ್ಲೋ... ಹೇಳೋ ತಮ್ಮಾ, ಏನು ಬೇಕಂತೆ?"

"ಏನು ಹೇಳ್ಲಿ ನಾನು?" ಅಂತಾನೆ ಅಣ್ಣ ಈಗ್ಲೂ. ಎದ್ದು ಬರೋಕೂ ಆಗದೆ, ಕೂತಿರೋಕೂ ಆಗದೆ, ಬಿಚ್ಚಿದ ಸ್ಕ್ರೂಗಳನ್ನ ಅಂಗೈಯಲ್ಲಿ ಹಿಡ್ಕೊಂಡು ಬೆಳಗಿನ ತನಕ ಕೂತಿದ್ದ. ಬೆಳಕು ಹರಿಯೋ ಹೊತ್ತಿಗೆ ಸದ್ದು ಸಣ್ಣ ಆಗ್ತಾ ಬಂತು. ಬ್ಯಾಟರಿ ಇಳಿದಾಗ ಆಗುತ್ತಲ್ಲ... ಹಾಗೆ. ಎಳೆದು, ಎಳೆದು... ಹೋಯ್ತು.

ಬೆಳಿಗ್ಗೆ ಎಲ್ಲಾ ಅಂಗಡಿಗೆ ತಂದು ಬೇರೆ ಕ್ಯಾಬಿನೆಟ್‌ಗೆ ಹಾಕಿದ. ಒಂದೇ ಸಲಕ್ಕೆ ಶುರು ಆಯ್ತು. ಒಂದೇ ಒಂದು ಸಾಮಾನು ಕೆಟ್ಟಿರ್ಲಿಲ್ಲ. ಹತ್ತು ಗಂಟೆಗೆ ಅಕ್ಕ ಮುನ್ನೂರು ಪುಟ ಕೊಟ್ಟು ಬಂದ್ರು. ಕೆಲಸ ಉಳೀತು. ಆದ್ರೆ ಈಗ ಕಿವಿಗೆ ಏನೂ ಹಾಕ್ಕೊಳ್ಳಲ್ಲ. ರೆಕಾರ್ಡಿಂಗನ್ನ ಜೋರಾಗಿ ಇಟ್ಕೊಂಡೇ ಟೈಪ್ ಮಾಡ್ತಾರೆ. ಯಾರ್ಯಾರ ಸಾಕ್ಷಿಯೋ ಬೀದಿವರೆಗೂ ಕೇಳುತ್ತೆ. ಯಾರೂ ಬೇಡ ಅಂದಿಲ್ಲ.

ಅಣ್ಣ ತನ್ನ ಹತ್ರ ಇರೋ ಪುಸ್ತಕವೆಲ್ಲ ಹುಡುಕಿದ. ಗಿಡ್ಡ, ಉದ್ದ, ಉದ್ದ, ಗಿಡ್ಡ. ಅಂಥ ಗುರುತು ಯಾವ ಕಂಪ್ಯೂಟರ್‌ಗೂ ಇಲ್ಲ.

ಸುಳ್ಳು ಅನ್ಸಿದ್ರೆ ನಾಳೆ ಅವನ ಅಂಗಡಿಗೆ ಹೋಗಿ. ಹಳೇ ಡಬ್ಬವನ್ನ ಗುಜರಿಗೆ ಹಾಕೋಕೆ ಅವನಿಗೆ ಮನಸ್ಸು ಬಂದಿಲ್ಲ, ಹಿಂದಿನ ಕಪಾಟಿನ ಮೇಲಿದೆ. ಒಳಗೆ ಒಂದು ತಂತಿಯೂ ಇಲ್ಲ. ಬಲಗಡೆ ತಗಡು ಮುಟ್ಟಿ, ತಣ್ಣಗಿರುತ್ತೆ. ಎಡಗಡೆ ಬೆಚ್ಚಗಿದೆ... ಯಾರೋ ಈಗಷ್ಟೇ ಒರಗಿ ಎದ್ದುಹೋದ ಹಾಗೆ. ನಾನೇ ಕೈ ಇಟ್ಟು ನೋಡಿದೀನಿ. ಹೋದ ವಾರ. ಎರಡು ಸಲ.