ಊಟದ ಬಿಡುವಿನ ಮೌನ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಂದೇ ಕಾರ್ಖಾನೆಯ ಬ್ಯಾಡ್ಜು ತೊಟ್ಟ ಇಬ್ಬರು ಹೆಂಗಸರು ಕೂತಿದ್ದರು.

“ನಿನ್ನೆ ನಾನು ರಜೆ. ತೀರಿಹೋದ ಪ್ಯಾಕಿಂಗ್ ಅಕ್ಕನಿಗೆ ಮೌನಾಚರಣೆ ಮಾಡಿದ್ರಾ?”

“ಮಾಡಿದ್ರು. ಮಷೀನ್ ನಿಲ್ಲಿಸಿದ್ರೆ ಟೈಮ್ ವೇಸ್ಟಂತೆ. ಊಟದ ಬಿಡುವಿಗೇ ಸೇರಿಸಿಬಿಟ್ರು.”

“ಉಣ್ತಾ ಉಣ್ತಾನೇ?”

“ಹ್ಞೂಂ ಕಣೇ. ಬಿಡುವು ಮುಗಿಯೋವರೆಗೂ ಯಾರೂ ಬಾಯಿ ಬಿಡೋ ಹಾಗಿಲ್ಲ. ನೆತ್ತಿಗೆ ಹತ್ತಿ ಕೆಮ್ಮಿದ್ದಕ್ಕೇ ಸೂಪರ್‌ವೈಸರ್ ನನ್ನ ಕಡೆ ಕಣ್ಣು ಕೆಕ್ಕರಿಸಿದ.”

ಇಬ್ಬರೂ ನಕ್ಕುಬಿಟ್ಟರು.

“ಅವಳ ಗಂಡ, ಲೋಡಿಂಗ್ ಅಣ್ಣ, ಕೆಲಸಕ್ಕೆ ಬಂದಿದ್ರಾ?”

“ಬಂದಿದ್ರು. ನಮ್ಮೆದುರಿಗೇ ಕೈಕಟ್ಟಿಕೊಂಡು ಕೂತಿದ್ರು.”

“ಉಣ್ಣಲಿಲ್ವಾ?”

“ಡಬ್ಬಿ ಇರಲಿಲ್ಲ. ಇಬ್ಬರದೂ ಕಟ್ಟಿ ತರ್ತಿದ್ದೋಳು ಅವಳೇ ಅಲ್ವಾ.”

“ಒಂದು ತುತ್ತು ತಗೋ ಅಣ್ಣ ಅಂತ ಯಾರೂ ಕರೀಲಿಲ್ವಾ?”

“ಹೇಗೆ ಕರೀಲಿ? ಮಾತಾಡೋ ಹಾಗಿರಲಿಲ್ಲವಲ್ಲ.”

ಸ್ಟಾಪ್ ಬಂತು. ತಂತಮ್ಮ ಡಬ್ಬಿ ಎತ್ತಿಕೊಂಡು ಇಬ್ಬರೂ ಇಳಿದುಹೋದರು.